ಎ ಮಾಡೆಲ್ ಫೋರ್ಡಿನ ಸೋರುವ ನಲ್ಲಿ

ಓದುಗರ ಪತ್ರ: "ಅಜ್ಜನ ಕಾಲದ 1929ರ ಎ ಮಾಡೆಲ್ ಫೋರ್ಡ್ ಎರಡು ವರ್ಷದಿಂದ ನನ್ನ ಸುಪರ್ದಿನಲ್ಲಿದೆ. ಡ್ಯಾಶ್‌ಬೋರ್ಡ್ ಕೆಳಗಿನ ಪೆಟ್ರೋಲ್ ನಲ್ಲಿ ತೊಟ್ಟಿಕ್ಕುತ್ತಿದೆ. ನಟ್ ಬಿಗಿ ಮಾಡಿದರೆ ನಾಲ್ಕು ದಿನ ನಿಲ್ಲುತ್ತದೆ, ಮತ್ತೆ ಶುರು. ಒಬ್ಬ ಮೆಕ್ಯಾನಿಕ್ ಸಾಬೂನು ಮೆತ್ತಿದರು. ಇನ್ನೊಬ್ಬರು ಅದನ್ನು ಕಿತ್ತುಹಾಕಿ ಬೈಕಿನ ಪೆಟ್ರೋಲ್ ಕಾಕ್ ಕೂರಿಸೋಣ ಎನ್ನುತ್ತಾರೆ. ಏನು ಮಾಡಲಿ? ಚಿತ್ರ ಜೊತೆಗಿದೆ." (ಸಕಲೇಶಪುರದ ಓದುಗರು)

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲು ಒಂದು ಕೋರಿಕೆ. ಆ ನಟ್ಟನ್ನು ಇನ್ನು ಬಿಗಿ ಮಾಡಬೇಡಿ. ದುರಸ್ತಿ ಆಗುವವರೆಗೆ ಕಾರನ್ನು ಶೆಡ್ಡಿನೊಳಗೆ ಇಡಬೇಡಿ. ನಿಮ್ಮ ಕಾರಿನ ಟ್ಯಾಂಕ್ ಇರುವುದು ಹಿಂದೆ ಅಲ್ಲ, ಗಾಜಿನ ಮುಂದೆ, ಮುಂದಿನ ಸೀಟಿನಲ್ಲಿ ಕುಳಿತವರ ಮೊಣಕಾಲಿನ ಮೇಲ್ಗಡೆ. ಹತ್ತು ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಪೆಟ್ರೋಲ್ ಅಲ್ಲಿ ಕೂತಿರುತ್ತದೆ. ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು, ಅದನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಸೇರುತ್ತದೆ. ಎಂಜಿನ್ ನಿಂತರೂ ಆ ಭಾರ ನಿಲ್ಲುವುದಿಲ್ಲ. ರಾತ್ರಿಯಿಡೀ ಅದನ್ನು ತಡೆದು ನಿಲ್ಲಿಸಲು ನಂಬಬೇಕಾದದ್ದು ಹೆಬ್ಬೆರಳು ಗಾತ್ರದ ಆ ಹಿತ್ತಾಳೆ ನಲ್ಲಿಯನ್ನೇ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಕಾರಿನ ನೆಲಹಾಸಿನ ಮೇಲೆ, ಶೆಡ್ಡಿನ ಮೂಲೆಯಲ್ಲಿ ಮಡುಗಟ್ಟಿ ಒಂದು ಕಿಡಿಗೆ ಕಾಯುತ್ತದೆ.

ನಲ್ಲಿಯ ಒಳಗೆ ಏನಿದೆ ಎಂದು ಗೊತ್ತಾದರೆ ಬಿಗಿ ಮಾಡುವುದು ಏಕೆ ತಪ್ಪು ಎಂಬುದು ತಾನೇ ತಿಳಿಯುತ್ತದೆ. ವೀಣೆಯ ಬಿರಡೆಯನ್ನು ನೆನಪಿಸಿಕೊಳ್ಳಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಅದೇ ಇಳಿಜಾರಿನ ರಂಧ್ರದಲ್ಲಿ ಅದು ಕಚ್ಚಿ ಕೂರುತ್ತದೆ. ನಿಮ್ಮ ನಲ್ಲಿಯಲ್ಲೂ ಅಂಥದೇ ಹಿತ್ತಾಳೆಯ ಬಿರಡೆ ಇದೆ, ಅದಕ್ಕೆ ಅಡ್ಡಲಾಗಿ ಒಂದು ತೂತು. ಹಿಡಿ ತಿರುಗಿಸಿ ತೂತು ಕೊಳವೆಗೆ ನೇರವಾದರೆ ಪೆಟ್ರೋಲ್ ಇಳಿಯುತ್ತದೆ, ಅಡ್ಡವಾದರೆ ನಿಲ್ಲುತ್ತದೆ. ರಬ್ಬರ್ ಇಲ್ಲ, ಬೂಚಿಲ್ಲ, ವಾಷರಿನ ಆಸರೆಯೂ ಇಲ್ಲ. ಲೋಹಕ್ಕೆ ಲೋಹ ಸಂದಿಲ್ಲದೆ ಹೊಂದಿಕೊಂಡಿರುವುದೇ ಅದರ ಬಂದೋಬಸ್ತು. ಸಣ್ಣ ತುದಿಯ ಸ್ಪ್ರಿಂಗಿಗೆ ಬಿರಡೆಯನ್ನು ಹಿತವಾಗಿ ಒಳಗೆಳೆದು ಹಿಡಿಯುವ ಕೆಲಸ ಮಾತ್ರ. ನೀವು ನಟ್ ಬಿಗಿಯುತ್ತಾ ಹೋದಂತೆ ಸ್ಪ್ರಿಂಗ್ ಪೂರ್ತಿ ಅದುಮಿಹೋಗಿ ಬಿರಡೆ ಗೋಡೆಗೆ ಒಣದಾಗಿ ಉಜ್ಜುತ್ತದೆ. ಟ್ಯಾಂಕಿನಿಂದ ಇಳಿದ ತುಕ್ಕಿನ ಕಣ ನಡುವೆ ಸಿಕ್ಕಿಕೊಂಡರೆ ಮುಗಿಯಿತು, ಪ್ರತಿ ತಿರುವಿಗೂ ಒಂದು ಗೀರು. ಆ ಗೀರೇ ಪೆಟ್ರೋಲಿಗೆ ಕಾಲುವೆ. ನಿಮ್ಮ ಚಿತ್ರದಲ್ಲಿ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಸಾಬೂನಿನ ಮಾತು. ಸಾಬೂನು ಮೆತ್ತಿದ ಮೆಕ್ಯಾನಿಕ್ ತಿಳಿಯದವರಲ್ಲ. ಪೆಟ್ರೋಲಿಗೆ ಸಾಬೂನು ಕರಗುವುದಿಲ್ಲ, ಟ್ಯಾಂಕ್ ಸೋರಿದಾಗ ಅದನ್ನು ತಿಕ್ಕಿ ಊರು ಸೇರಿದವರು ಸಾವಿರಾರು ಮಂದಿ. ಆದರೆ ಪೆಟ್ರೋಲ್ ಬದಲಾಗಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕಿನಲ್ಲಿ ಹೆಚ್ಚಾಗಿ ಸಿಗುವುದು ಅದೇ. ಸಾಬೂನು ಎಥನಾಲಿಗೆ ಕರಗುತ್ತದೆ. ಹಳೆಯ ಕಾರುಗಳ ಮರೆಗಳಿಗೆ, ಅಂದರೆ ತಿರುಪಿನ ಸುರುಳಿ ಗೀರುಗಳಿಗೆ, ಬಳಿಯುತ್ತಿದ್ದ ಅರಗು ಕೂಡ ಹಾಗೆಯೇ. ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಪಾಲಿಶ್ ಮಾಡುವುದನ್ನು ನೀವು ನೋಡಿರುತ್ತೀರಿ. ಆದ್ದರಿಂದ ನಲ್ಲಿ ಟ್ಯಾಂಕಿಗೆ ಸೇರುವ ಮರೆಯಲ್ಲೂ ಒಸರುತ್ತಿದೆಯೇ ನೋಡಿ. ಎಲ್ಲ ಸಂದುಗಳನ್ನು ಒರೆಸಿ, ಒಣ ಸೀಮೆಸುಣ್ಣ ತಿಕ್ಕಿ ಅರ್ಧ ಗಂಟೆ ಬಿಡಿ. ಒಸರುವ ಜಾಗದಲ್ಲಿ ಸುಣ್ಣ ಕಪ್ಪಾಗುತ್ತದೆ. ಅಲ್ಲಿಗೆ ಪೆಟ್ರೋಲ್ ಮತ್ತು ಎಥನಾಲ್ ಎರಡನ್ನೂ ತಡೆಯುವ ಮರೆ-ಅಂಟು ಬೇಕು. ಟೆಫ್ಲಾನ್ ಟೇಪ್ ಬೇಡ, ಅದರ ಎಳೆ ಹರಿದು ಕಾರ್ಬುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನಲ್ಲಿ, ಸಿಕ್ಕಿಕೊಳ್ಳುತ್ತದೆ.

ನಲ್ಲಿ ಬಿಚ್ಚುವ ದಿನ ಕಾರನ್ನು ಬಯಲಿಗೆ ತನ್ನಿ. ಬ್ಯಾಟರಿಯ ಅರ್ತ್ ತಂತಿ ಕಳಚಿ. ನಿಮ್ಮ ಕಾರು ಆರು ವೋಲ್ಟಿನದು, ಇದರಲ್ಲಿ ಕಾರಿನ ಲೋಹದ ಚೌಕಟ್ಟಿಗೆ ಕಟ್ಟಿರುವುದು ಪ್ಲಸ್ ತುದಿ. ಪೆಟ್ರೋಲನ್ನು ತಗಡಿನ ಡಬ್ಬಿಗೆ ಇಳಿಸಿ, ಪ್ಲಾಸ್ಟಿಕ್ ಬಕೆಟ್ಟಿಗೆ ಬೇಡ. ಹತ್ತಿರ ಬೀಡಿ ಸೇದುವವರನ್ನು ದೂರ ಕಳಿಸಿ. ಬಿಚ್ಚುವಾಗ ಎರಡು ಸ್ಪ್ಯಾನರ್ ಬಳಸಿ, ಒಂದು ತಿರುಗಿಸಲು, ಇನ್ನೊಂದು ಎದುರು ಹಿಡಿಯಲು. ಬರಿಯ ಬಲ ಹಾಕಿದರೆ ಟ್ಯಾಂಕಿನ ಬಾಯಿಯೇ ತಿರುಚಿ ಬರುತ್ತದೆ. ಆಮೇಲೆ ನಲ್ಲಿಯ ದುರಸ್ತಿ ನಿಮಗೆ ಸಣ್ಣದಾಗಿ ಕಂಡೀತು.

ಬಿರಡೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಅದರ ಮೈಮೇಲೆ ಮಾರ್ಕರ್ ಪೆನ್ನಿನಿಂದ ಉದ್ದಕ್ಕೆ ನಾಲ್ಕಾರು ಗೆರೆ ಎಳೆಯಿರಿ. ಒಣಗಿದ ಮೇಲೆ ಅದರ ಮನೆಯೊಳಗೆ, ಅಂದರೆ ನಲ್ಲಿಯ ಇಳಿಜಾರು ರಂಧ್ರದೊಳಗೆ, ಕೂರಿಸಿ, ಕಾಲು ಸುತ್ತು ಆಡಿಸಿ, ತೆಗೆಯಿರಿ. ಗೆರೆ ಅಳಿಸಿಹೋದ ಕಡೆ ಮಾತ್ರ ಲೋಹ ಲೋಹವನ್ನು ಮುಟ್ಟುತ್ತಿದೆ ಎಂದರ್ಥ. ಅಡ್ಡ ತೂತಿನ ಸುತ್ತ ಎಲ್ಲೂ ತುಂಡಾಗದ ಒಂದು ಪಟ್ಟಿ ಅಳಿಸಿರಬೇಕು. ಅಷ್ಟೇ ನಮಗೆ ಬೇಕಾದದ್ದು. ಈಗ ಕಾರಿನ ಬಣ್ಣಕ್ಕೆ ಬಳಸುವ ನುಣುಪಾದ ರಬ್ಬಿಂಗ್ ಕಾಂಪೌಂಡ್ ಸವರಿ, ಬಿರಡೆಯನ್ನು ಮನೆಯಲ್ಲಿಟ್ಟು ತೇಯಿರಿ. ದೇವರಿಗೆ ಗಂಧ ತೇಯುವಾಗಿನ ಒತ್ತಡ ಸಾಕು. ಸುತ್ತು ಸುತ್ತಾಗಿ ತಿರುಗಿಸಬೇಡಿ, ಅದರಿಂದ ಉಂಗುರದಂಥ ಗೀರು ಬೀಳುತ್ತದೆ. ಅತ್ತಿತ್ತ ಸ್ವಲ್ಪ ಆಡಿಸಿ, ಎತ್ತಿ, ಬೇರೆ ಕೋನದಲ್ಲಿ ಇಳಿಸಿ, ಮತ್ತೆ ಆಡಿಸಿ. ಐದು ನಿಮಿಷಕ್ಕೊಮ್ಮೆ ತೊಳೆದು ನೋಡಿ. ಮೊದಲು ಗರಗರ ಎನ್ನುತ್ತಿದ್ದ ಕೈಗೆ ಬರಬರುತ್ತಾ ಬೆಣ್ಣೆಯ ನಯ ಸಿಗುತ್ತದೆ. ಹಿತ್ತಾಳೆ ಮೈ ಹೊಳಪು ಕಳೆದು ಒಂದೇ ಸಮನಾದ ಮಬ್ಬು ಬೂದಿ ಬಣ್ಣಕ್ಕೆ ಬರುತ್ತದೆ. ಕೊನೆಗೆ ಪಾತ್ರೆ ಬೆಳಗುವ ಬ್ರಾಸೋ ಹಾಕಿ ಒಮ್ಮೆ ತೇಯ್ದು, ತೊಳೆದು, ಮತ್ತೆ ತೊಳೆದು, ಗಾಳಿ ಊದಿಸಿ.

ಎಂಜಿನ್ ವಾಲ್ವ್ ತೇಯುವ ಪೇಸ್ಟನ್ನು ಮಾತ್ರ ಮುಟ್ಟಬೇಡಿ. ಅದರ ಹರಳು ಉಕ್ಕಿಗಾಗಿ ಮಾಡಿದ್ದು. ಮೆದು ಹಿತ್ತಾಳೆಯಲ್ಲಿ ನಾಟಿಕೊಂಡು ನೀವು ಕೆಲಸ ನಿಲ್ಲಿಸಿದ ಮೇಲೂ ಕೊರೆಯುತ್ತಲೇ ಇರುತ್ತದೆ. ನನ್ನ ಮೊದಲ ನಲ್ಲಿಯನ್ನು ನಾನು ಹೀಗೆಯೇ ಕಳೆದುಕೊಂಡೆ. ಒಂದು ತಿಂಗಳು ಒಣಗಿದ್ದು, ಎರಡನೇ ತಿಂಗಳು ಮೊದಲಿಗಿಂತ ಜೋರಾಗಿ ಸೋರಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿದ್ದ ಹಿರಿಯ ಲೇತ್ ಕೆಲಸಗಾರರೊಬ್ಬರು ಅದನ್ನು ಬೆಳಕಿಗೆ ಹಿಡಿದು, ಏನೂ ಬೈಯದೆ, ಹೊಸ ಬಿರಡೆಯನ್ನು ಕಡೆದುಕೊಟ್ಟರು. ಅವರಿಂದಲೇ ಇನ್ನೊಂದು ವಿಷಯ ಕಲಿತೆ: ತೇಯ್ದಷ್ಟೂ ಬಿರಡೆ ಒಳಗಿಳಿಯುತ್ತದೆ. ಅದರ ಸಣ್ಣ ತುದಿ ಆಚೆ ಹೊರಚಾಚಿದರೆ ನಟ್ಟಿನ ಕೆಳಗೆ ದಪ್ಪನೆಯ ವಾಷರ್ ಹಾಕದ ಹೊರತು ಸ್ಪ್ರಿಂಗಿಗೆ ಹಿಡಿತ ಸಿಗುವುದಿಲ್ಲ. ಅಡ್ಡ ತೂತು ಕೊಳವೆಯ ಬಾಯಿಗಿಂತ ಕೆಳಗಿಳಿದಿದ್ದರೆ ತೇಯುವುದನ್ನು ಬಿಟ್ಟು ಲೇತಿನವರ ಬಳಿ ಹೋಗಿ.

ಜೋಡಿಸುವ ಮುನ್ನ ಬಿರಡೆಗೆ ಪೆಟ್ರೋಲಿಗೆ ಕರಗದ ಗ್ರೀಸನ್ನು ತೆಳ್ಳಗೆ ಸವರಿ. ವಿಮಾನದ ಇಂಧನ ನಲ್ಲಿಗಳಿಗೆ ಬಳಸುವ ಬಗೆಯದು ಸಿಕ್ಕರೆ ಒಳ್ಳೆಯದು. ಚಕ್ರದ ಬೇರಿಂಗಿನ ಗ್ರೀಸ್ ವಾರದಲ್ಲಿ ತೊಳೆದುಹೋಗುತ್ತದೆ. ಮೇಜಿನ ಮೇಲೆಯೇ ನಲ್ಲಿಗೆ ಎರಡಡಿ ಕೊಳವೆ ಸಿಕ್ಕಿಸಿ, ಸೀಮೆಎಣ್ಣೆ ತುಂಬಿ, ಕಾಗದದ ಮೇಲೆ ರಾತ್ರಿ ನಿಲ್ಲಿಸಿ. ಪೆಟ್ರೋಲ್ ಒಸರಿದರೂ ಆರಿಹೋಗಿ ಮೋಸ ಮಾಡುತ್ತದೆ, ಸೀಮೆಎಣ್ಣೆ ಕಲೆ ಉಳಿಸುತ್ತದೆ. ಅಷ್ಟರಲ್ಲಿ ಟ್ಯಾಂಕನ್ನೂ ತೊಳೆಸಿ. ತುಕ್ಕು ಅಲ್ಲೇ ಇದ್ದರೆ ಆರು ತಿಂಗಳಲ್ಲಿ ಇದೇ ಪತ್ರವನ್ನು ಮತ್ತೆ ಬರೆಯುತ್ತೀರಿ.

ಬೈಕಿನ ಕಾಕ್ ಬೇಡ. ಅದರ ಒಳಗಿನ ರಬ್ಬರಿಗೆ ಎಥನಾಲ್ ತಾಳುತ್ತದೆಂಬ ಭರವಸೆ ಇಲ್ಲ, ಅದರ ಮರೆಯೂ ನಿಮ್ಮ ಟ್ಯಾಂಕಿಗೆ ಕೂರದು. ನಲ್ಲಿಯ ಮೈಯೇ ಬಿರಿದಿದ್ದರೆ ಬೇರೆ ಮಾತು. ಈ ಮಾಡೆಲಿನ ನಲ್ಲಿಯನ್ನು ಅಮೆರಿಕದಲ್ಲಿ ಇಂದಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಆದರೆ ನಿಮ್ಮ ಚಿತ್ರದಲ್ಲಿ ಬಿರುಕು ಕಾಣಲಿಲ್ಲ. ನಿಮ್ಮ ಅಜ್ಜ ದಿನಾ ತಿರುಗಿಸಿದ ಹಿಡಿ ಅದು, ಅಂಚು ಸವೆದು ನುಣುಪಾಗಿದೆ. ಒಂದು ಮಧ್ಯಾಹ್ನದ ಕೆಲಸಕ್ಕೆ ಹೆದರಿ ಅದನ್ನು ಕಿತ್ತೊಗೆಯುವುದು ನನಗೆ ಒಪ್ಪಿಗೆಯಿಲ್ಲ.

ಮತ್ತೆ ಜೋಡಿಸಿದ ಮೇಲೆ ಎಂಜಿನ್ನನ್ನು ಕೀಲಿಯಿಂದ ನಿಲ್ಲಿಸುವ ರೂಢಿ ಬಿಡಿ. ಕಾರು ನಿಲ್ಲಿಸಿ, ಎಂಜಿನ್ ಮೆಲ್ಲಗೆ ಓಡುತ್ತಿರುವಾಗಲೇ ನಲ್ಲಿ ಮುಚ್ಚಿ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರಿ ಅದು ತಾನೇ ನಿಲ್ಲುತ್ತದೆ, ಆಮೇಲೆ ಕೀಲಿ ತಿರುಗಿಸಿ. ಎಷ್ಟು ಹೊತ್ತು ಓಡಿತೆಂದು ಗಡಿಯಾರ ನೋಡಿ ಬರೆದಿಡಿ. ದುರಸ್ತಿಯ ಮರುದಿನ ಎಷ್ಟಿತ್ತೋ ವರ್ಷದ ಮೇಲೂ ಅಷ್ಟೇ ಇದ್ದರೆ ನಲ್ಲಿ ಗಟ್ಟಿ. ಆ ಹೊತ್ತು ಉದ್ದವಾಗುತ್ತಾ ಹೋದರೆ, ಅಥವಾ ಎಂಜಿನ್ ನಿಲ್ಲದೇ ಹೋದರೆ, ಬಿರಡೆಯನ್ನು ಮತ್ತೊಮ್ಮೆ ಹೊರತೆಗೆಯಿರಿ.