ಹಂಚಿಕೆಯ ಡ್ರೈವ್ ತೆರೆಯದಿದ್ದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಆಡಿಟರ್ ಕಚೇರಿಯ ಫೈಲುಗಳೆಲ್ಲ ಒಂದು ಹಳೆಯ ನಾಸ್ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್) ಪೆಟ್ಟಿಗೆಯಲ್ಲಿವೆ. ಹಳೆಯ ಕಂಪ್ಯೂಟರುಗಳಲ್ಲಿ ತೆರೆಯುತ್ತದೆ, ಹೊಸ ವಿಂಡೋಸ್ 11 ಪ್ರೊ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲ. ಎಸ್‌ಎಂಬಿ 1 ಆನ್ ಮಾಡಿದರೆ ಸರಿಹೋಗುತ್ತದೆ ಎಂದು ವಿಡಿಯೋದಲ್ಲಿ ನೋಡಿದೆ. ಮಾಡಬಹುದೇ? (ತುಮಕೂರು)

ಉತ್ತರ: ದಯವಿಟ್ಟು ಮಾಡಬೇಡಿ. ಎಸ್‌ಎಂಬಿ ಎಂದರೆ ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಪ್ರೋಟೊಕಾಲ್ (ನಿಯಮಾವಳಿ), 1 ಅದರ ಹಳೆಯ ಆವೃತ್ತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಊರೂರಿನ ಕಂಪ್ಯೂಟರುಗಳಿಗೆ ಬೀಗ ಜಡಿದದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕವೇ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಅದು ಇರುವುದಿಲ್ಲ. ಕಕ್ಷಿದಾರರ ಲೆಕ್ಕಪತ್ರ ಇಟ್ಟಿರುವ ಕಚೇರಿಯಲ್ಲಿ ಅದನ್ನು ಮತ್ತೆ ತೆರೆಯುವುದು ತೀರಾ ಅಪಾಯ.

ತೆರೆಯ ಮೇಲಿನ ಸಂದೇಶವನ್ನು ಪೂರ್ತಿ ಓದಿ. ಅದರಲ್ಲೇ ಕಾರಣವಿರುತ್ತದೆ. ಎಸ್‌ಎಂಬಿ 1ರ ಹೆಸರೇ ಬಂದರೆ ತಪ್ಪು ನಾಸ್‌ನದು. ಬ್ರೌಸರ್‌ನಲ್ಲಿ ಅದರ ಸೆಟ್ಟಿಂಗ್ಸ್ ತೆರೆದು, ಫೈಲ್ ಸರ್ವೀಸ್ ವಿಭಾಗದಲ್ಲಿ ಗರಿಷ್ಠ ಪ್ರೋಟೊಕಾಲ್ ಎಸ್‌ಎಂಬಿ 3, ಕನಿಷ್ಠ ಎಸ್‌ಎಂಬಿ 2 ಎಂದು ಇಡಿ. ಕನಿಷ್ಠವನ್ನು ಏರಿಸಿದ ದಿನ ಎಕ್ಸ್‌ಪಿ ಇರುವ ಕಂಪ್ಯೂಟರು, ಜೆರಾಕ್ಸ್ ಮೆಷೀನಿನಿಂದ ನೇರವಾಗಿ ಫೋಲ್ಡರಿಗೆ ಹೋಗುತ್ತಿದ್ದ ಸ್ಕ್ಯಾನ್, ಎರಡೂ ನಿಂತುಹೋಗಬಹುದು. ಸ್ಕ್ಯಾನನ್ನು ಇಮೇಲಿಗೆ ತಿರುಗಿಸಿಕೊಳ್ಳಿ.

ಗೆಸ್ಟ್ ಪ್ರವೇಶಕ್ಕೆ ತಡೆ ಎಂದು ಬಂದರೆ, ಪಾಸ್‌ವರ್ಡ್ ಇಲ್ಲದೆ ಫೋಲ್ಡರ್ ತೆರೆಯುತ್ತಿದ್ದೀರಿ ಎಂದರ್ಥ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ (2024) ಪ್ರೊದಲ್ಲಿ ಅದಕ್ಕೆ ಅವಕಾಶವಿಲ್ಲ. ನಾಸ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿಕೊಡಿ. ಸಿಗ್ನೇಚರ್ ಸರಿಯಿಲ್ಲ ಎಂದರೆ ನಾಸ್‌ನಲ್ಲಿ ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ) ಆನ್ ಮಾಡಿ. ಅದೇ ಆವೃತ್ತಿ ಇದನ್ನೂ ಕಡ್ಡಾಯ ಮಾಡಿದೆ. ಫರ್ಮ್‌ವೇರ್ (ನಾಸ್‌ನ ಒಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿದ ಮೇಲೂ ಎಸ್‌ಎಂಬಿ 2 ಸಿಗದಿದ್ದರೆ ಆ ಪೆಟ್ಟಿಗೆಯ ಕಾಲ ಮುಗಿಯಿತು. ಡೇಟಾ ಹೊರಗೆ ತೆಗೆಯಿರಿ.

ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ದಿಸ್ ಪಿಸಿಯಲ್ಲಿ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಒತ್ತಿ, \\192.168.1.20\ಲೆಕ್ಕ ಎನ್ನುವ ರೀತಿಯಲ್ಲಿ ನಿಮ್ಮ ನಾಸ್‌ನ ವಿಳಾಸ ಕೊಡಿ. ಬೇರೆ ಕ್ರೆಡೆನ್ಷಿಯಲ್ಸ್ (ಯೂಸರ್ ಹೆಸರು, ಪಾಸ್‌ವರ್ಡ್) ಬಳಸುವ ಚೌಕಕ್ಕೂ ಟಿಕ್ ಹಾಕಿ. ಇಲ್ಲದಿದ್ದರೆ ವಿಂಡೋಸ್ ತನ್ನ ಲಾಗಿನ್ ಹೆಸರನ್ನೇ ಮೊದಲು ನಾಸ್‌ಗೆ ಕೊಟ್ಟು ನೋಡುತ್ತದೆ. ಎಡಗಡೆಯ ನೆಟ್‌ವರ್ಕ್ ಪಟ್ಟಿಯಲ್ಲಿ ನಾಸ್ ಕಾಣಿಸದಿದ್ದರೆ ಚಿಂತೆ ಬೇಡ, ವಿಳಾಸ ಕೊಟ್ಟರೆ ತೆರೆಯುತ್ತದೆ.

ಪ್ರಶ್ನೆ: ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಝಡ್ ಡ್ರೈವ್ ಮೇಲೆ ಕೆಂಪು ಗುರುತು. ಏಕೆ? (ಹಾವೇರಿ)

ಉತ್ತರ: ಎರಡು ಸಲ ಒತ್ತಿ ನೋಡಿ. ತೆರೆದರೆ ಏನೂ ಕೆಟ್ಟಿಲ್ಲ. ನೀವು ಲಾಗಿನ್ ಆದ ಮೇಲೆ ವೈಫೈ ಸೇರಿಕೊಂಡಿದೆ, ಅಷ್ಟೇ. ಆ ಮೇಜಿಗೆ ಲ್ಯಾನ್ ಕೇಬಲ್ ಎಳೆಸುವುದು ಒಳ್ಳೆಯದು. ನಡುಹಗಲಲ್ಲೂ ಗುರುತು ಬಂದರೆ, ಹಂಚುತ್ತಿರುವುದು ಇನ್ನೊಂದು ವಿಂಡೋಸ್ ಕಂಪ್ಯೂಟರೇ ನೋಡಿ. ಅದು 15 ನಿಮಿಷ ಸುಮ್ಮನಿದ್ದ ಸಂಪರ್ಕವನ್ನು ಕಡಿಯುತ್ತದೆ, ಒತ್ತಿದರೆ ಮತ್ತೆ ಕೂಡಿಕೊಳ್ಳುತ್ತದೆ.

ಒತ್ತಿದರೂ ತೆರೆಯದೆ 53ನೇ ದೋಷ ಬಂದರೆ, ಕರೆಂಟ್ ಹೋಗಿ ಬಂದಾಗ ರೂಟರ್ ಫೋಲ್ಡರ್ ಹಂಚುತ್ತಿರುವ ಯಂತ್ರಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿರಬಹುದು. ರೂಟರ್‌ನ ಡಿಎಚ್‌ಸಿಪಿ ರಿಸರ್ವೇಷನ್‌ನಲ್ಲಿ (ಒಂದು ಯಂತ್ರಕ್ಕೆ ಒಂದೇ ವಿಳಾಸ ಕಾದಿರಿಸುವ ಸೆಟ್ಟಿಂಗ್) ಆ ವಿಳಾಸವನ್ನು ಕಾಯಂ ಮಾಡಿ.

ಪ್ರಶ್ನೆ: ನಮ್ಮ ಡಿಟಿಪಿ ಕೇಂದ್ರದಲ್ಲಿ ಮ್ಯಾಕ್, ಉಬುಂಟು, ವಿಂಡೋಸ್ ಮೂರೂ ಇವೆ. ಹಂಚಿಕೆಯ ಫೋಲ್ಡರಿನಲ್ಲಿ ‘ಕೋಲಾರ’ ಎಂಬ ಒಂದೇ ಹೆಸರಿನ ಎರಡು ಫೈಲುಗಳಿವೆ! ಹೇಗೆ ಸಾಧ್ಯ? (ಗದಗ)

ಉತ್ತರ: ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಎರಡು. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಸಂಖ್ಯಾ ಸಂಕೇತ ಕೊಡುವ ಪದ್ಧತಿ) ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ‘ಕೀ’, ‘ಕೇ’, ‘ಕೈ’, ‘ಕೊ’ಗಳಿಗೂ ಇದೇ ಪಾಡು. ವಿಂಡೋಸ್ ಕೀಬೋರ್ಡಿನಿಂದ ಸಾಮಾನ್ಯವಾಗಿ ಒಂದಾಗಿ ಬರುತ್ತದೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ವ್ಯವಸ್ಥೆ ಫೈಲಿನ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಜಿಪ್ ಮಾಡಿಯೋ ಆರ್‌ಸಿಂಕ್ ಎಂಬ ನಕಲು ಉಪಕರಣದ ಮೂಲಕವೋ ಬಂದದ್ದು ಬಿಡಿಸಿದಂತೆಯೇ ಉಳಿಯುತ್ತದೆ. ಹುಡುಕಿದಾಗ ಎರಡರಲ್ಲಿ ಒಂದು ಸಿಗದಿರುವುದೂ ಇದರಿಂದಲೇ.

ಬ್ಯಾಕಪ್ ತೆಗೆದುಕೊಂಡು, ಉಬುಂಟುವಿನಲ್ಲಿ ಕನ್ವ್‌ಎಂವಿ ಎಂಬ ಉಪಕರಣ ಹಾಕಿಕೊಳ್ಳಿ. ಮೂಲ, ಗುರಿ ಎರಡಕ್ಕೂ ಯುಟಿಎಫ್-8 ಕೊಟ್ಟು, ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಒಂದಾಗಿಸುವ) ಆಯ್ಕೆಯೊಂದಿಗೆ ಫೋಲ್ಡರಿನೊಳಗಿನ ಫೈಲುಗಳ ಮೇಲೆ ಓಡಿಸಿದರೆ ಬಿಡಿಸಿದ ಹೆಸರುಗಳು ಒಂದಾಗುತ್ತವೆ. ಮೊದಲ ಸಲ ಅದು ಏನು ಬದಲಿಸುತ್ತೇನೆಂದು ತೋರಿಸುತ್ತದೆ ಅಷ್ಟೇ. ನೋಟೆಸ್ಟ್ ಎಂದು ಸೇರಿಸಿದಾಗಲೇ ನಿಜವಾಗಿ ಬದಲಿಸುತ್ತದೆ. ಎರಡೂ ‘ಕೋಲಾರ’ ಇರುವಲ್ಲಿ ಒಂದರ ಮೇಲೊಂದು ಬರೆಯದೆ ಬಿಟ್ಟುಬಿಡುತ್ತದೆ. ಅವೆರಡನ್ನೂ ತೆರೆದು, ತಿದ್ದುಪಡಿ ಯಾವುದರಲ್ಲಿದೆ ಎಂದು ನೋಡಿ ನೀವೇ ತೀರ್ಮಾನಿಸಿ.