ಝಡ್‌ಎಸ್‌ಎಂ-5ಗೆ ಸಿಲಿಕಾ ಲೇಪಿಸಿದ ಮೇಲೂ ಪ್ಯಾರಾ-ಕ್ಸೈಲೀನ್ ಯಾಕೆ ಏರುತ್ತಿಲ್ಲ?

ನಿಮ್ಮ ಪ್ರಶ್ನೆಯ ಸಾರ ಇದು: 10 ಗ್ರಾಂ ಎಚ್-ಝಡ್‌ಎಸ್‌ಎಂ-5ಗೆ (ಸೂಕ್ಷ್ಮ ರಂಧ್ರಗಳಿರುವ ಆಮ್ಲೀಯ ಜಿಯೋಲೈಟ್ ವೇಗವರ್ಧಕ) ಒಂದೇ ಸಲ ಟಿಇಒಎಸ್ (ಸುಟ್ಟಾಗ ಸಿಲಿಕಾ ಕೊಡುವ ಟೆಟ್ರಾಈಥೈಲ್ ಆರ್ಥೊಸಿಲಿಕೇಟ್ ದ್ರವ) ಹಾಕಿ ಸುಟ್ಟಿರಿ. ಟಾಲುಯೀನನ್ನು ಬೆಂಜೀನ್ ಮತ್ತು ಕ್ಸೈಲೀನ್ ಮಾಡುವ ಕ್ರಿಯೆಯಲ್ಲಿ ಕನ್ವರ್ಷನ್ (ಕ್ರಿಯೆಗೊಳಗಾದ ಟಾಲುಯೀನ್‌ನ ಪಾಲು) ಅರ್ಧಕ್ಕೆ ಇಳಿಯಿತು, ಕ್ಸೈಲೀನ್‌ನ ಮೂರು ರೂಪಗಳಾದ ಪ್ಯಾರಾ, ಮೆಟಾ, ಆರ್ಥೊಗಳಲ್ಲಿ ಪ್ಯಾರಾ ಪಾಲು ಮಾತ್ರ 30% ದಾಟಲಿಲ್ಲ.

ವೇಗವರ್ಧಕವನ್ನು ದೂರುವ ಮೊದಲು ಜಿಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್) ಕಾಲಂ ನೋಡಿ. 5% ಫಿನೈಲ್ ಇರುವ ಸಾಮಾನ್ಯ ಕಾಲಂನಲ್ಲಿ ಪ್ಯಾರಾ ಮತ್ತು ಮೆಟಾ ಒಂದೇ ಪೀಕ್ ಆಗಿ ಬರುತ್ತವೆ; ಅದನ್ನು ಅಂದಾಜಿನಲ್ಲಿ ಒಡೆದು ಬರೆದ ಅಂಕಿಗೆ ಬೆಲೆಯಿಲ್ಲ. ಪಾಲಿಈಥಿಲೀನ್ ಗ್ಲೈಕಾಲ್‌ನ ವ್ಯಾಕ್ಸ್ ಕಾಲಂ ಬೇಕು. ಅದರಲ್ಲಿ ಈಥೈಲ್‌ಬೆಂಜೀನ್, ಪ್ಯಾರಾ, ಮೆಟಾ, ಆರ್ಥೊ ಎಂಬ ಕ್ರಮದಲ್ಲಿ ಹೊರಬರುತ್ತವೆ.

ಈಗ ಲೇಪನದ ವಿಷಯ. ಈ ಜಿಯೋಲೈಟ್‌ನ ರಂಧ್ರ ಸುಮಾರು 5.5 ಆಂಗ್‌ಸ್ಟ್ರಾಮ್. ನೀಳವಾದ ಪ್ಯಾರಾ ಸಲೀಸಾಗಿ ಆಚೆ ಬರುತ್ತದೆ, ಮೆಟಾ ಮತ್ತು ಆರ್ಥೊ ಒಳಗೇ ತಡವರಿಸುತ್ತವೆ. ಆದರೆ ಹರಳಿನ ಹೊರಮೈಯಲ್ಲೂ ಆಮ್ಲೀಯ ತಾಣಗಳಿವೆ. ಆಚೆ ಬಂದ ಪ್ಯಾರಾವನ್ನು ಅವು ಮತ್ತೆ ಸಮತೋಲನದ ಮಿಶ್ರಣಕ್ಕೆ, ಅಂದರೆ ಪ್ಯಾರಾ 24, ಮೆಟಾ 52, ಆರ್ಥೊ 24ರ ಆಸುಪಾಸಿಗೆ, ಎಳೆದು ತರುತ್ತವೆ. ಮುಚ್ಚಬೇಕಾದ್ದು ಆ ಹೊರಗಿನ ತಾಣಗಳನ್ನು. ಟಿಇಒಎಸ್ ಅಣು ರಂಧ್ರದೊಳಗೆ ಹೋಗದಷ್ಟು ದಪ್ಪ, ಅದಕ್ಕೇ ಅದನ್ನು ಬಳಸುವುದು.

1 ಗ್ರಾಂ ಟಿಇಒಎಸ್‌ನಿಂದ 0.288 ಗ್ರಾಂ ಸಿಲಿಕಾ ಸಿಗುತ್ತದೆ. 10 ಗ್ರಾಂ ಪುಡಿಗೆ 4% ಸಿಲಿಕಾ ಬೇಕಾದರೆ 1.39 ಗ್ರಾಂ, ಅಂದರೆ ಸುಮಾರು 1.5 ಮಿಲಿ. ಪುಡಿಯನ್ನು ರಾತ್ರಿಯಿಡೀ 120 ಡಿಗ್ರಿಯಲ್ಲಿ ಒಣಗಿಸಿ. ತೇವ ಉಳಿದರೆ ಟಿಇಒಎಸ್ ದ್ರಾವಣದಲ್ಲೇ ಹೈಡ್ರೊಲೈಸ್ ಆಗಿ ಸಿಲಿಕಾ ಬೇರೆ ಗಂಟುಗಳಾಗಿ ನಿಲ್ಲುತ್ತದೆ, ಹರಳಿಗೆ ಹತ್ತುವುದಿಲ್ಲ. ನಿಮಗೆ ಆಗಿರುವುದರಲ್ಲಿ ಇದರ ಪಾಲೂ ಇರಬಹುದು. ಒಣಗಿದ ಪುಡಿಯನ್ನು 100 ಮಿಲಿ ಸೈಕ್ಲೊಹೆಕ್ಸೇನ್‌ನಲ್ಲಿ ಕದಡಿ, ಟಿಇಒಎಸ್ ಸೇರಿಸಿ, ಒಂದು ಗಂಟೆ ರಿಫ್ಲಕ್ಸ್ ಮಾಡಿ (ಆವಿಯನ್ನು ತಣಿಸಿ ಮರಳಿಸುತ್ತ ಕುದಿಸಿ). ದ್ರಾವಕವನ್ನು ರೋಟರಿ ಇವಾಪೊರೇಟರ್‌ನಲ್ಲಿ ಪೂರ್ತಿ ತೆಗೆದು (ವಾಸನೆ ಉಳಿದ ಪುಡಿಯನ್ನು ಫರ್ನೇಸಿಗೆ ಇಡಬೇಡಿ, ಹೊತ್ತಿಕೊಳ್ಳುತ್ತದೆ), 110 ಡಿಗ್ರಿಯಲ್ಲಿ ಒಣಗಿಸಿ, ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿ 550ರಲ್ಲಿ 4 ಗಂಟೆ ಗಾಳಿಯಲ್ಲಿ ಸುಡಿ. ಇಷ್ಟನ್ನೂ ಮೂರು ಸಲ ಮಾಡಿ. ಒಟ್ಟು 12% ಅನ್ನು ಒಂದೇ ಏಟಿಗೆ ಹಾಕಿದರೆ ಕೆಲವು ರಂಧ್ರಗಳ ಬಾಯಿ ಕಟ್ಟಿಹೋಗುತ್ತದೆ, ಹೊರಮೈಯ ಬೇರೆ ಕಡೆ ಬೋಳಾಗಿಯೇ ಉಳಿಯುತ್ತದೆ.

ಲೇಪನ ಸರಿಯಾಯಿತೇ ಎಂದು ತಿಳಿಯಲು 1,3,5-ಟ್ರೈಐಸೊಪ್ರೊಪೈಲ್‌ಬೆಂಜೀನ್ ಹಾಯಿಸಿ. ಅದು ರಂಧ್ರದೊಳಗೆ ಹೋಗದು, ಹಾಗಾಗಿ ಅದರ ಕ್ರ್ಯಾಕಿಂಗ್ (ಅಣು ಒಡೆಯುವುದು) ಸೊನ್ನೆಯ ಹತ್ತಿರ ಬಂದರೆ ಹೊರಮೈ ಮುಚ್ಚಿದೆ ಎಂದರ್ಥ. ಅಮೋನಿಯಾ ಟಿಪಿಡಿಯಲ್ಲಿ (ಹೀರಿಕೊಂಡ ಅಮೋನಿಯಾವನ್ನು ಬಿಸಿಮಾಡಿ ಬಿಡಿಸಿ ಆಮ್ಲೀಯ ತಾಣಗಳನ್ನು ಅಳೆಯುವ ಪರೀಕ್ಷೆ) ಒಟ್ಟು ಆಮ್ಲತೆ ಮಾತ್ರ ಹೆಚ್ಚೇನೂ ಇಳಿಯಬಾರದು. ಇಳಿದಿದ್ದರೆ ಬಾಗಿಲೇ ಮುಚ್ಚಿಹೋಗಿದೆ.

ಹೋಲಿಕೆ ಯಾವಾಗಲೂ ಒಂದೇ ಕನ್ವರ್ಷನ್‌ನಲ್ಲಿರಲಿ. ಕನ್ವರ್ಷನ್ ತಗ್ಗಿದರೆ ಪ್ಯಾರಾ ಅಂಕಿ ತಾನಾಗಿಯೇ ಏರುತ್ತದೆ. ನಿಮ್ಮಲ್ಲಿ ಅರ್ಧಕ್ಕಿಳಿದೂ 30% ಎಂದರೆ ಲೇಪನ ಬಹುತೇಕ ಕೆಲಸ ಮಾಡಿಲ್ಲ. ಹರಳು ಅರ್ಧ ಮೈಕ್ರಾನ್‌ಗಿಂತ ಚಿಕ್ಕದಾಗಿದ್ದರೆ ಹೊರಮೈ ವಿಪರೀತ. ಎರಡು ಮೂರು ಮೈಕ್ರಾನ್‌ನ ಹರಳಿನಿಂದಲೇ ಮತ್ತೆ ಶುರು ಮಾಡುವುದು ಲೇಸು.

ಟಿಇಒಎಸ್ ಬದಲು ಫಾಸ್ಫಾರಿಕ್ ಆಮ್ಲ ಆಗದೇ ಎಂದೂ ಕೇಳಿದ್ದೀರಿ. ಆಗುತ್ತದೆ, ಆದರೆ ಅದು ರಂಧ್ರದೊಳಗೂ ನುಗ್ಗಿ ಪ್ರಬಲ ತಾಣಗಳನ್ನು ತಗ್ಗಿಸುತ್ತದೆ. ಮೆಥನಾಲ್‌ನಿಂದ ಟಾಲುಯೀನ್‌ಗೆ ಮೀಥೈಲ್ ಸೇರಿಸುವ ಕೆಲಸಕ್ಕೆ ಅದು ಒಗ್ಗುತ್ತದೆ. ನಿಮ್ಮ ಕ್ರಿಯೆಗೆ ಪ್ರಬಲ ತಾಣಗಳೇ ಬೇಕು, ಟಿಇಒಎಸ್ ಬಿಡಬೇಡಿ.