ಬಂಡೆಯ ಹೊಟ್ಟೆಯೊಳಗೆ ಊರು ಏಕೆ?

ಪ್ರಶ್ನೆ: ಅಮೆರಿಕದ ಮೇಸಾ ವರ್ಡೆ ಎಂಬಲ್ಲಿ ಬಂಡೆಯ ಪೊಟರೆಯೊಳಗೆ ಇಡೀ ಊರನ್ನೇ ಕಟ್ಟಿರುವ ಚಿತ್ರವನ್ನು ಮಗಳು ತೋರಿಸಿದಳು. ಅದು ಡೈನೊಸಾರ್‌ಗಳ ಕಾಲದ ಮರಳುಗಲ್ಲಂತೆ. ನಮ್ಮ ಯಾಣದ ಬಂಡೆ, ಬಾದಾಮಿಯ ಕಲ್ಲು ಕೂಡ ಅದೇ ಕಾಲದವೇ? ಅಷ್ಟು ದುರ್ಗಮ ಜಾಗದಲ್ಲಿ ಜನರು ಮನೆ ಕಟ್ಟಿಕೊಂಡದ್ದೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಯಾಣದ ಶಿಖರಗಳು ಮರಳುಗಲ್ಲಿನವಲ್ಲ. ಬಾದಾಮಿಯದು ಮರಳುಗಲ್ಲೇ ಹೌದಾದರೂ ಅದು ಡೈನೊಸಾರ್‌ಗಳು ಹುಟ್ಟುವುದಕ್ಕಿಂತ ಎಷ್ಟೋ ಕೋಟಿ ವರ್ಷ ಮೊದಲೇ ಶೇಖರಗೊಂಡದ್ದು. ಮೇಸಾ ವರ್ಡೆಯ ಮರಳುಗಲ್ಲು ಡೈನೊಸಾರ್‌ಗಳ ಕಾಲದ ಕೊನೆಯ ಯುಗವಾದ ಕ್ರಿಟೇಷಿಯಸ್‌ನದು. ಕ್ರಿಟೇಷಿಯಸ್ ಎಂದರೆ ಸುಮಾರು 14.5 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 6.6 ಕೋಟಿ ವರ್ಷಗಳ ಹಿಂದೆ ಮುಗಿದ ಕಾಲ.

ಎರಡನೆಯ ಪ್ರಶ್ನೆಗೆ ತುಸು ನಿಧಾನವಾಗಿ ಉತ್ತರಿಸಬೇಕು. ಆ ಕಾಲದಲ್ಲಿ ಉತ್ತರ ಅಮೆರಿಕದ ನಡುವೆ ಕಡಲೊಂದು ಚಾಚಿಕೊಂಡಿತ್ತು. ಅದರ ದಡದ ಮರಳು ಗಟ್ಟಿಯಾಗಿ ಮರಳುಗಲ್ಲಾಯಿತು, ನಡುನಡುವೆ ಸಂಗ್ರಹವಾದ ಕೆಸರು ಶೇಲ್ ಎಂಬ ಜೇಡಿಯ ಪದರವಾಯಿತು. ಮಳೆ ಮತ್ತು ಹಿಮದ ನೀರು ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ಇಳಿಯುತ್ತದೆ, ಆದರೆ ಶೇಲ್ ಅದನ್ನು ಕೆಳಕ್ಕೆ ಬಿಡುವುದಿಲ್ಲ. ತಡೆದ ನೀರು ಪಕ್ಕಕ್ಕೆ ಸರಿದು ಕಣಿವೆಯ ಗೋಡೆಯಲ್ಲಿ ಒಸರುತ್ತದೆ. ಚಳಿಗಾಲದಲ್ಲಿ ಅದೇ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಕಲ್ಲು ಚಕ್ಕೆಚಕ್ಕೆಯಾಗಿ ಕಳಚಿ, ಕ್ರಮೇಣ ಕಮಾನಿನಂಥ ಪೊಟರೆ ಉಂಟಾಗುತ್ತದೆ. ಅಂದರೆ ಸೂರನ್ನು ಕೊರೆದದ್ದೂ ಕುಡಿಯುವ ಒರತೆಯನ್ನು ಕೊಟ್ಟದ್ದೂ ಒಂದೇ ನೀರು. ನಮಗೆ ದುರ್ಗಮವೆನಿಸುವ ಆ ಜಾಗವನ್ನು ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಪೂರ್ವಜರು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದೆಂದು ನಾನು ನಂಬುತ್ತೇನೆ. ದಕ್ಷಿಣಕ್ಕೆ ಮುಖ ಮಾಡಿದ ಪೊಟರೆಗಳಲ್ಲಿ ಚಳಿಗಾಲದ ಇಳಿಬಿಸಿಲು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ನೆರಳಿರುತ್ತದೆ. ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆಯುವ ಹೊಲಗಳು ಬಂಡೆಯ ನೆತ್ತಿಯ ಮೇಲಿದ್ದವು.

ಅಲ್ಲಿನ ದೊಡ್ಡ ನೆಲೆಯಾದ ಕ್ಲಿಫ್ ಪ್ಯಾಲೇಸ್‌ನಲ್ಲಿ ಸುಮಾರು 150 ಕೋಣೆಗಳಿವೆ. ಅದರ ಹೆಚ್ಚಿನ ಭಾಗ 13ನೆಯ ಶತಮಾನದ್ದು, ಮತ್ತು 1300ರ ಹೊತ್ತಿಗೆ ಜನ ಆ ಪ್ರದೇಶವನ್ನೇ ತೊರೆದಿದ್ದರು. ಗೋಡೆಯನ್ನು ಹತ್ತಿರದಿಂದ ನೋಡಿದರೆ, ಕೆತ್ತಿದ ಮರಳುಗಲ್ಲಿನ ನಡುವಿನ ಹಸಿ ಮಣ್ಣಿನ ಗಾರೆಗೆ ಪುಟ್ಟ ಕಲ್ಲಿನ ಚೂರುಗಳನ್ನು ಒತ್ತಿರುವುದು ಕಾಣುತ್ತದೆ. ಕೆಲವೆಡೆ ಅದನ್ನು ಒತ್ತಿದವರ ಬೆರಳಿನ ಗುರುತು ಇಂದಿಗೂ ಉಳಿದಿದೆ.

ಕಲ್ಲಿನಲ್ಲಿ ಇಳಿದು ಒರತೆಯಾಗುವ ನೀರಿನ ಈ ವ್ಯವಹಾರ ನಿಮಗೆ ಅಪರಿಚಿತವೇನಲ್ಲ. ಗುಡ್ಡದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಹರಿಸಿ ಅಂಗಳಕ್ಕೆ ತಂದುಕೊಂಡ ಹಳೆಯ ಮನೆಗಳನ್ನು ಶಿರಸಿಯ ಸೀಮೆಯಲ್ಲಿ ನೀವು ಕಂಡಿರಬಹುದು. ಘಟ್ಟದ ಕೆಳಗೆ ಕುಮಟಾ, ಹೊನ್ನಾವರದ ಕಡೆ ಚಿರೇಕಲ್ಲು ಮರಳುಗಲ್ಲಿನಂತೆಯೇ ನೀರು ಹೀರುತ್ತದೆ, ಅಡಿಯ ಶೇಡಿ ಮಣ್ಣು ಶೇಲ್‌ನಂತೆ ತಡೆಯುತ್ತದೆ, ಗುಡ್ಡದ ಬುಡದಲ್ಲಿ ಒರತೆ ಏಳುತ್ತದೆ. ಕಲ್ಲುಗಳ ವಯಸ್ಸು, ಹುಟ್ಟು ಬೇರೆಬೇರೆ. ನೀರಿನ ನಡೆ ಒಂದೇ. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲದ್ದರಿಂದ ಹಾಗೆ ಪೊಟರೆಯಾಗುವುದಿಲ್ಲ. ಆದ್ದರಿಂದ ನಮ್ಮವರು ಚಿರೇಕಲ್ಲನ್ನು ಕಡಿದು ತೆಗೆದೇ ಮನೆ ಕಟ್ಟಿದರು, ಮಿರ್ಜಾನ್ ಕೋಟೆಯೂ ಹಾಗೆಯೇ ಎದ್ದದ್ದು.

ಆದರೆ ನೀರು ಕೆಡುಕನ್ನೂ ಮಾಡುತ್ತದೆ. ಮೇಸಾ ವರ್ಡೆಯ ಸ್ಪ್ರೂಸ್ ಟ್ರೀ ಹೌಸ್‌ಗೆ ಕಲ್ಲು ಕಳಚಿ ಬೀಳುವ ಭಯದಿಂದ 2015ರಲ್ಲಿ ಪ್ರವೇಶ ನಿಲ್ಲಿಸಲಾಯಿತು. ನಮ್ಮ ದೇಶದಲ್ಲೇ ಮಧ್ಯಪ್ರದೇಶದ ಬಾಘ್ ಗುಹೆಗಳು ಕ್ರಿಟೇಷಿಯಸ್ ಮರಳುಗಲ್ಲಿನಲ್ಲಿ ಕೊರೆದ ಬೌದ್ಧ ವಿಹಾರಗಳು. ಮೇಲಿನ ಜೇಡಿಯ ಪದರದ ತೇವ ಇಳಿದು ಚಾವಣಿಗಳು ಕುಸಿದವು, ಅಮೂಲ್ಯ ವರ್ಣಚಿತ್ರಗಳನ್ನು ಗೋಡೆಯಿಂದ ಬಿಡಿಸಿ ಗ್ವಾಲಿಯರ್‌ನ ವಸ್ತುಸಂಗ್ರಹಾಲಯಕ್ಕೆ ಒಯ್ಯಬೇಕಾಯಿತು. ಆ ಚಿತ್ರಗಳಿಗೆ ಒದಗಿದ ಗತಿಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನಿಮ್ಮ ಮಗಳಿಗೆ ಕ್ರಿಟೇಷಿಯಸ್ ಕಲ್ಲನ್ನು ಮುಟ್ಟಿ ನೋಡುವ ಆಸೆಯಿದ್ದರೆ ಅಷ್ಟು ದೂರ ಹೋಗಬೇಕಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಶಿಲೆಗಳು ಆ ಯುಗದವೇ. ಅವು ಮರಳುಗಲ್ಲಲ್ಲ, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ ಲಾವಾ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲವಾದ್ದರಿಂದ ದೀಪಾವಳಿಯ ರಜೆಯಲ್ಲಿ ಹೋಗಿಬನ್ನಿ.